2018ರಲ್ಲಿ ಕೊಂಡ ಕಂಪ್ಯೂಟರ್‌ಗೆ ಅಪ್‌ಡೇಟ್ ನಿಂತಿತು. ಎಷ್ಟು ವರ್ಷ ಕೊಡಬೇಕು, ಎಲ್ಲಿಂದ ಎಣಿಸಬೇಕು?

ಬೇಲೂರು ಡಿಟಿಪಿ

ಬೇಲೂರಿನಲ್ಲಿ ನನ್ನದು ಝೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿಯ ಅಂಗಡಿ. ಪಹಣಿ ತೆಗೆದುಕೊಡುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ, ಮಕ್ಕಳ ಎಸ್‌ಎಸ್‌ಪಿ ಸ್ಕಾಲರ್‌ಶಿಪ್, ರೈತರ ಫ್ರೂಟ್ಸ್ ನೋಂದಣಿ, ನಡುವೆ ಮದುವೆ ಕರೆಯೋಲೆ. ದೇವಸ್ಥಾನ ನೋಡಲು ಬಂದವರು ಟಿಕೆಟ್ ಪ್ರಿಂಟ್ ಹಾಕಿಸಿಕೊಂಡು ಹೋಗುವುದೂ ಉಂಟು.

ಅಂಗಡಿಯ ಮುಖ್ಯ ಕಂಪ್ಯೂಟರ್ ಇಂಟೆಲ್ ಐ5 ಚಿಪ್‌ನದು, ಏಳನೇ ಜನರೇಶನ್, ಅಂದರೆ ಏಳನೇ ಪೀಳಿಗೆ. 2018ರಲ್ಲಿ ಹಾಸನದಲ್ಲಿ ಹೊಸದಾಗಿಯೇ ಕೊಂಡದ್ದು. ಹೆಸರಿರುವ ಕಂಪನಿಯದೇ. ಆಮೇಲೆ ಎಸ್‌ಎಸ್‌ಡಿ ಹಾಕಿಸಿದೆ, ರ್‍ಯಾಮ್ ಎಂಟರಿಂದ ಹದಿನಾರು ಜಿಬಿ ಮಾಡಿಸಿದೆ. ಕೊಂಡ ದಿನಕ್ಕಿಂತ ಈಗಲೇ ವೇಗ ಜಾಸ್ತಿ. ಅದನ್ನು ಹಳೆಯದು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು ಅನ್ನುತ್ತಾರಲ್ಲ, ಅದು ನನ್ನ ಯಂತ್ರದಲ್ಲಿ ಇದೆ. ಬಯಾಸ್‌ನಲ್ಲಿ, ಅಂದರೆ ಯಂತ್ರ ಶುರುವಾದಾಗ ಮೊದಲು ಓಡುವ ಸಾಫ್ಟ್‌ವೇರ್‌ನಲ್ಲಿ, ಆನ್ ಮಾಡಿದರೆ ಸಾಕು. ಚಿಪ್ ಮಾತ್ರ ಪಟ್ಟಿಯಲ್ಲಿ ಇಲ್ಲ. ಒಂದೇ ಒಂದು ಜನರೇಶನ್‌ನಲ್ಲಿ ತಪ್ಪಿತು.

ಈಗ ವಿಷಯ ಏನೆಂದರೆ, ಏಳನೇ ಜನರೇಶನ್ ಡೆಸ್ಕ್‌ಟಾಪ್ ಚಿಪ್ ಪೇಟೆಗೆ ಬಂದದ್ದು 2017ರ ಜನವರಿಯಲ್ಲಿ. ಎಂಟನೆಯದು ಅದೇ ವರ್ಷದ ಅಕ್ಟೋಬರ್‌ನಲ್ಲೇ ಬಂತು. ಅಂದರೆ ನಾನು ಕೊಳ್ಳುವ ಹೊತ್ತಿಗೆ ಹೊಸದು ಬಂದಾಗಿತ್ತು. ನನಗೆ ಕೊಟ್ಟದ್ದು ಉಳಿದ ಸ್ಟಾಕ್. ಡಬ್ಬದ ಮೇಲೆ ಅದರ ಸುಳಿವೇ ಇರಲಿಲ್ಲ. ಅಂಗಡಿಯವರು "ಹತ್ತು ವರ್ಷ ತಿರುಗಿ ನೋಡಬೇಡಿ" ಎಂದಿದ್ದರು.

ಯಾವ ಕಂಪ್ಯೂಟರ್ ಕೊಳ್ಳಲಿ ಅಂತ ಕೇಳುತ್ತಿಲ್ಲ. ಕಂಪ್ಯೂಟರ್ ಮಾಡುವವರು ಎಷ್ಟು ವರ್ಷ ಅಪ್‌ಡೇಟ್ ಕೊಟ್ಟರೆ ನ್ಯಾಯ? ಅದಕ್ಕಿಂತ ಮುಖ್ಯವಾಗಿ, ಆ ವರ್ಷವನ್ನು ಎಲ್ಲಿಂದ ಎಣಿಸಬೇಕು? ಚಿಪ್ ಹುಟ್ಟಿದ ದಿನದಿಂದಲೋ, ಆ ಮಾದರಿಯ ಕೊನೆಯ ಪೀಸ್ ಮಾರಾಟವಾದ ದಿನದಿಂದಲೋ? ನನ್ನ ಪ್ರಕಾರ ಎರಡನೆಯದೇ ಸರಿ. ನಿಮಗೇನು ಅನ್ನಿಸುತ್ತದೆ?

ನನ್ನ ಒಬ್ಬಳದೇ ಕೆಲಸವಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನನ್ನ ಸ್ಕ್ಯಾನರ್ ಮೇಲೆ ಬೀಳುವುದೆಲ್ಲ ಬೇರೆಯವರ ಆಧಾರ್, ಬೇರೆಯವರ ಪಾಸ್‌ಬುಕ್.


ಸಕಲೇಶಪುರ ಸರ್ವಿಸ್

ಅಕ್ಕಾ, ಮೊದಲು ತುರ್ತಿನದು ಹೇಳುತ್ತೇನೆ. ವಾದ ಆಮೇಲೆ ಮಾಡೋಣ. ವಿಂಡೋಸ್ 10ಕ್ಕೆ ಒಂದು ವರ್ಷದ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಇದೆ, 2026ರ ಅಕ್ಟೋಬರ್ 13ರವರೆಗೆ. ಮನೆ ಬಳಕೆಯವರು 30 ಡಾಲರ್ ಕೊಡಬಹುದು. ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಪುಕ್ಕಟೆ. 1000 ರಿವಾರ್ಡ್ಸ್ ಪಾಯಿಂಟ್ ಇದ್ದರೂ ನಡೆಯುತ್ತದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಲಿಂಕ್ ಕಾಣುತ್ತದೆ.

ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕುವ ದಾರಿ ಇದೆ, ಎಲ್ಲರಿಗೂ ಗೊತ್ತಿರುವುದೇ. ಗಿರಾಕಿಗಳು ಕೇಳುತ್ತಾರೆ, ನಾನು ಹಾಕಿಕೊಟ್ಟೂ ಇದ್ದೇನೆ. ಆದರೆ ನಿಮ್ಮಂಥ ಅಂಗಡಿಗೆ ಬೇಡ. ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಅಪ್‌ಡೇಟ್ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟ್‌ನವರೇ ಹೇಳಿದ್ದಾರೆ. ದೊಡ್ಡ ಆವೃತ್ತಿ ಬಂದಾಗಲೆಲ್ಲ ಮತ್ತೆ ಕೈಯಿಂದಲೇ ಹಾಕಬೇಕು. ಇನ್ನೂ ಹಳೆಯ ಕೋರ್ 2 ಡ್ಯುಯೋ ಥರದ ಚಿಪ್‌ಗಳು ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಬೂಟೇ ಆಗುವುದಿಲ್ಲ. ಚಿಪ್‌ನಲ್ಲಿ ಬೇಕಾದ ಒಂದು ಆದೇಶವೇ ಇಲ್ಲ.

ಇನ್ನು ವರ್ಷದ ಮಾತು. ನಮ್ಮ ಕಡೆ ಸಾಫ್ಟ್‌ವೇರ್ ಸಾಯುವ ಮೊದಲು ಹಾರ್ಡ್‌ವೇರ್ ಸಾಯುತ್ತದೆ ಅಂತ ಮೊದಲೆಲ್ಲ ಹೇಳುತ್ತಿದ್ದೆವು. ಮುಂಗಾರು ಮಳೆಗೆ ಮುಂಚಿನ ಗುಡುಗು-ಮಿಂಚಿಗೆ ಲ್ಯಾನ್ ಪೋರ್ಟ್ ಹೋಗುತ್ತದೆ. ಜುಲೈ-ಆಗಸ್ಟ್ ಥಂಡಿಗೆ ಬೋರ್ಡ್ ಮೇಲೆ ಹಸಿರು ಕಟ್ಟುತ್ತದೆ. ಕರೆಂಟು ಹೋಗಿ ಬಂದು ಎಸ್‌ಎಂಪಿಎಸ್ ಸುಡುತ್ತದೆ. ಆದರೂ ಎಸ್‌ಎಸ್‌ಡಿ ಬಂದ ಮೇಲೆ ಯಂತ್ರಗಳ ಆಯಸ್ಸು ಜಾಸ್ತಿಯಾಗಿದೆ. ಹಾನುಬಾಳಿನ ಒಂದು ಎಸ್ಟೇಟ್ ಆಫೀಸಿನಲ್ಲಿ ನಾಲ್ಕನೇ ಜನರೇಶನ್ ಯಂತ್ರದಲ್ಲಿ ಈಗಲೂ ಟ್ಯಾಲಿ ಓಡುತ್ತಿದೆ. ಹತ್ತು ವರ್ಷ ಕೇಳುವುದು ದುರಾಸೆ ಏನಲ್ಲ.

ತಮಾಷೆ ಅಂದರೆ, ಆ ಎಂಟನೇ ಜನರೇಶನ್ ಡೆಸ್ಕ್‌ಟಾಪ್ ಚಿಪ್‌ಗೆ ಇಂಟೆಲ್ ಇಟ್ಟ ಹೆಸರು ಕಾಫಿ ಲೇಕ್. ಕಾಫಿ ಸೀಮೆಯವರಿಗೇ ಸಿಗಲಿಲ್ಲ!


ಹೇಮಾವತಿ ದಂಡೆ

ಹೊಳೆನರಸೀಪುರದವನು. ಈಗ ಬೆಂಗಳೂರಿನಲ್ಲಿ ಫರ್ಮ್‌ವೇರ್ ಕೆಲಸ, ಅಂದರೆ ಯಂತ್ರದೊಳಗೇ ಕೂರುವ ಸಾಫ್ಟ್‌ವೇರ್‌ನದು. ಹಾಗಾಗಿ ಕಂಪನಿ ಕಡೆಯವರ ಮಾತನ್ನೂ ಸ್ವಲ್ಪ ಹೇಳಬೇಕು, ಬೈಯಬೇಡಿ.

"ಕಂಪ್ಯೂಟರ್ ಮಾಡುವವರು" ಎಂದರೆ ಒಬ್ಬರಲ್ಲ. ಚಿಪ್ ಮಾಡುವವರು ಒಬ್ಬರು, ಪೆಟ್ಟಿಗೆ ಜೋಡಿಸಿ ಬಯಾಸ್ ಕೊಡುವವರು ಇನ್ನೊಬ್ಬರು, ಆಪರೇಟಿಂಗ್ ಸಿಸ್ಟಮ್ ಮಾಡುವವರು ಮತ್ತೊಬ್ಬರು. ವೈಫೈ ಚಿಪ್, ಸೌಂಡ್, ಟಚ್‌ಪ್ಯಾಡ್‌ಗೆ ಬೇರೆ ಬೇರೆಯವರು. ಇವರಲ್ಲಿ ಯಾರೊಬ್ಬರು ಕೈ ಎತ್ತಿದರೂ ಸರಪಳಿ ಕಡಿಯುತ್ತದೆ. 2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ದೋಷಗಳು ಹೊರಬಿದ್ದವಲ್ಲ, ಆಗ ಇದು ಚೆನ್ನಾಗಿ ಗೊತ್ತಾಯಿತು. ದೋಷ ಇದ್ದದ್ದು ಚಿಪ್‌ನ ಒಳಗೆ. ಇಂಟೆಲ್ ಮೈಕ್ರೋಕೋಡ್ (ಚಿಪ್ ಒಳಗೆ ಓಡುವ ಕೋಡ್) ಬರೆಯಬೇಕು, ಅದನ್ನು ಬೋರ್ಡ್ ಕಂಪನಿ ತನ್ನ ಬಯಾಸ್‌ಗೆ ಸೇರಿಸಬೇಕು, ಇಲ್ಲವೇ ವಿಂಡೋಸ್ ಮೂಲಕ ಬರಬೇಕು. ಆ ವರ್ಷದ ಏಪ್ರಿಲ್‌ನಲ್ಲಿ ಇಂಟೆಲ್ ಪೆನ್ರಿನ್, ಬ್ಲೂಮ್‌ಫೀಲ್ಡ್ ಮುಂತಾದ ಹಳೆಯ ಚಿಪ್‌ಗಳಿಗೆ ಮೈಕ್ರೋಕೋಡ್ ಕೊಡುವುದಿಲ್ಲ ಎಂದು ಹೇಳಿಬಿಟ್ಟಿತು. ಆ ಮೇಲೆ ಪೆಟ್ಟಿಗೆ ಮಾಡಿದವನು ಎಷ್ಟೇ ಒಳ್ಳೆಯವನಾಗಿದ್ದರೂ ಏನು ಮಾಡಿಯಾನು?

ಪರೀಕ್ಷೆಯ ಖರ್ಚು ಬೇರೆ. ಒಂದು ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ಹೊರಗೆ ಬಿಡಬೇಕೆಂದರೆ ಹಳೆಯ ಮಾದರಿಗಳನ್ನೆಲ್ಲ ಲ್ಯಾಬ್‌ನಲ್ಲಿ ಇಟ್ಟುಕೊಂಡು ಒಂದೊಂದರ ಮೇಲೂ ಹಾಕಿ ನೋಡಬೇಕು. ಹತ್ತು ವರ್ಷದ ಹಳೆಯ ಕೋಡ್ ಬರೆದವನು ಆ ಕಂಪನಿಯಲ್ಲೇ ಇರುವುದಿಲ್ಲ.

ಮತ್ತೆ, 2018ರಲ್ಲಿ ಕೊಂಡಿರಿ, 2025ರವರೆಗೆ ಬಂತು. ಏಳು ವರ್ಷ ಕಡಿಮೆಯೇ? ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. ಆ ಲೆಕ್ಕದಲ್ಲಿ ಹತ್ತು ವರ್ಷವೂ ಆಯಿತು.

ಇನ್ನೊಂದು ಮಾತು. ಎಷ್ಟು ವರ್ಷ ಕೊಟ್ಟರೂ ಹಾಕಿಕೊಳ್ಳದವರು ಇದ್ದಾರೆ. 2017ರ ಮೇನಲ್ಲಿ ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಬಂತಲ್ಲ, ಅದಕ್ಕೆ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಹೊಡೆತ ತಿಂದವುಗಳಲ್ಲಿ ಹೆಚ್ಚಿನವು ವಿಂಡೋಸ್ 7 ಯಂತ್ರಗಳು, ಅಂದರೆ ಆಗಿನ್ನೂ ಸಪೋರ್ಟ್ ಇದ್ದಂಥವೇ.

ಸಕಲೇಶಪುರದವರು ಹೇಳಿದ ಪುಕ್ಕಟೆ ದಾರಿ ಮನೆ ಬಳಕೆಗೆ ಮಾತ್ರ. ಅಂಗಡಿ ಎಂದರೆ ವ್ಯಾಪಾರದ ಬಳಕೆ. ಅದಕ್ಕೆ ಮೊದಲ ವರ್ಷ ಒಂದು ಯಂತ್ರಕ್ಕೆ 61 ಡಾಲರ್, ಆಮೇಲೆ ಪ್ರತಿ ವರ್ಷ ದುಪ್ಪಟ್ಟು, ಹೆಚ್ಚೆಂದರೆ ಮೂರು ವರ್ಷ.


ಬೇಲೂರು ಡಿಟಿಪಿ

ಹೇಮಾವತಿಯವರೇ, ಬೈಯುವುದಿಲ್ಲ. ಆ ಕಡೆಯ ಮಾತು ಕೇಳಬೇಕೆಂದೇ ಬರೆದದ್ದು. ಆದರೆ ಎರಡು ಕಡೆ ನಿಮ್ಮ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಏಳನೇ ಜನರೇಶನ್‌ಗೆ ಆಗುವುದೇ ಇಲ್ಲ ಎಂದಿದ್ದರೆ ಸುಮ್ಮನಿರುತ್ತಿದ್ದೆ. ವಿಂಡೋಸ್ 11ರ ಪಟ್ಟಿಯಲ್ಲಿ ಏಳನೇ ಜನರೇಶನ್‌ನ ಒಂದು ಚಿಪ್ ಇದೆ, ಐ7-7820ಎಚ್‌ಕ್ಯೂ. ಮೈಕ್ರೋಸಾಫ್ಟ್‌ನದೇ ಸರ್ಫೇಸ್ ಸ್ಟುಡಿಯೋ 2ರಲ್ಲಿ ಇದ್ದದ್ದು ಅದೇ ಚಿಪ್. 2021ರ ಆಗಸ್ಟ್‌ನಲ್ಲಿ ಅದನ್ನು ಸೇರಿಸಿದರು. ಅಂದರೆ ಡ್ರೈವರ್ (ಬಿಡಿಭಾಗ ನಡೆಸುವ ಸಾಫ್ಟ್‌ವೇರ್) ಸರಿಯಾಗಿ ಕೊಟ್ಟರೆ ಆ ಪೀಳಿಗೆಯೂ ನಡೆಯುತ್ತದೆ ಅಂತಾಯಿತಲ್ವಾ? ವಾನಾಕ್ರೈ ಮಾತೂ ಅಷ್ಟೇ. ಆಗ ವಿಂಡೋಸ್ ಎಕ್ಸ್‌ಪಿಗೂ ಪ್ಯಾಚ್ ಕೊಟ್ಟರು. ಅದರ ಸಪೋರ್ಟ್ 2014ರ ಏಪ್ರಿಲ್‌ನಲ್ಲೇ ಮುಗಿದು ಮೂರು ವರ್ಷ ಆಗಿತ್ತು. ಬೇಕು ಅನ್ನಿಸಿದಾಗ ದಾರಿ ಸಿಗುತ್ತದೆ.

ಎರಡನೆಯದು ಎಣಿಕೆ. ವಿಂಡೋಸ್ 10 ಹುಟ್ಟಿದ್ದು 2015ರಲ್ಲಿ, ಸರಿ. ನಾನು ದುಡ್ಡು ಕೊಟ್ಟದ್ದು 2018ರಲ್ಲಿ. ಅದೇ ಪೆಟ್ಟಿಗೆಯನ್ನು 2019ರಲ್ಲಿ ಕೊಂಡವರಿಗೆ ಆರು ವರ್ಷ. ಒಂದೇ ಯಂತ್ರ, ಒಂದೇ ಬೆಲೆ, ತಡವಾಗಿ ಬಂದವರಿಗೆ ಕಡಿಮೆ ಆಯಸ್ಸು. ದುಬಾರಿ ಕಂಪನಿಗಳಲ್ಲೂ ಇದೇ ಕತೆ. ಆ್ಯಪಲ್‌ನವರ 2018ರ ಮ್ಯಾಕ್ ಮಿನಿ ನೋಡಿ. ಇಂಟೆಲ್ ಚಿಪ್‌ನ ಆ ಮಾದರಿಯನ್ನು 2023ರ ಜನವರಿವರೆಗೂ ಮಾರಿದರು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಮ್ಯಾಕ್‌ಓಎಸ್ ಟಾಹೋ ಅದಕ್ಕೆ ಇಲ್ಲ. ಹಳೆಯ ಆವೃತ್ತಿಗೆ ಸೆಕ್ಯುರಿಟಿ ಪ್ಯಾಚ್ ಇನ್ನೂ ಸ್ವಲ್ಪ ಕಾಲ ಬರುತ್ತದೆ, ನಿಜ. ಆದರೆ ಕೊನೆಗೆ ಕೊಂಡವನಿಗೆ ಮೂರು ವರ್ಷ ತುಂಬುವ ಮೊದಲೇ ಹೊಸ ಆವೃತ್ತಿಯ ಬಾಗಿಲು ಮುಚ್ಚಿತು. 2018ರಿಂದ ಎಣಿಸಿದರೆ ಮಾತ್ರ ಅದು ಏಳು ವರ್ಷ.

ಅದಕ್ಕೇ ಕೊನೆಯ ಮಾರಾಟದಿಂದ ಎಣಿಸಿ ಎನ್ನುತ್ತಿರುವುದು. ಇದು ನನ್ನ ತಲೆಯಲ್ಲಿ ಹುಟ್ಟಿದ ಆಸೆಯೂ ಅಲ್ಲ. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಫೋನ್, ಟ್ಯಾಬ್ಲೆಟ್‌ಗಳಿಗೆ ಇರುವ ನಿಯಮ ಹಾಗೇ ಇದೆ. ಆ ಮಾದರಿಯನ್ನು ಪೇಟೆಗೆ ಬಿಡುವುದು ನಿಲ್ಲಿಸಿದ ದಿನದಿಂದ ಕನಿಷ್ಠ 5 ವರ್ಷ ಅಪ್‌ಡೇಟ್ ಇರಬೇಕು. ಫೋನ್‌ಗೆ ಆಗುವುದು ಕಂಪ್ಯೂಟರ್‌ಗೆ ಯಾಕೆ ಆಗಬಾರದು?

ಪರೀಕ್ಷೆಯ ಖರ್ಚಿನ ಬಗ್ಗೆ ನೀವು ಹೇಳಿದ್ದು ಒಪ್ಪುತ್ತೇನೆ. ನನಗೆ ಹೊಸ ಬಣ್ಣದ ಮೆನು ಬೇಡ, ಎಐ ಬಟನ್ ಬೇಡ. ಸೆಕ್ಯುರಿಟಿ ಪ್ಯಾಚ್ ಒಂದೇ ಸಾಕು. ಎರಡನ್ನೂ ಒಂದೇ ಗಂಟು ಕಟ್ಟಿ ತೂಗುವುದರಿಂದಲೇ ಖರ್ಚು ಅಷ್ಟು ದೊಡ್ಡದಾಗಿ ಕಾಣುವುದು.


ಅರಸೀಕೆರೆ ಕೊಬ್ಬರಿ

ಹತ್ತು ವರ್ಷ ಕೊಡಿ ಅಂದರೆ ಆ ದುಡ್ಡನ್ನು ಬೆಲೆಗೆ ಸೇರಿಸುತ್ತಾರೆ, ಅಷ್ಟೇ. ನಮ್ಮ ಊರಲ್ಲಿ ಯಾರು ಕೊಡುತ್ತಾರೆ? ಡಿಗ್ರಿ ಓದುವ ಹುಡುಗರಿಗೆ ಬೇಕಾದದ್ದು ಹದಿನೈದು ಸಾವಿರದ ರಿಫರ್ಬಿಶ್ಡ್ ಲ್ಯಾಪ್‌ಟಾಪ್. ಕಂಪನಿಗಳು ಬಿಸಾಕಿದ ಲಾಟ್ ಬೆಂಗಳೂರಿನ ಎಸ್.ಪಿ. ರೋಡಿಂದ ಬರುತ್ತದೆ. ನಾನೂ ಆರನೇ ಜನರೇಶನ್ ಒಂದು ತಂದಿದ್ದೇನೆ, ಕೊಬ್ಬರಿ ಲೆಕ್ಕಕ್ಕೆ ಧಾರಾಳವಾಗಿ ಸಾಕು.

ಕೊನೆಯ ಮಾರಾಟದಿಂದ ಎಣಿಸಿದರೂ ಎರಡನೇ ಕೈಯವನಿಗೆ ಏನು ಲಾಭ? ಯಾವ ದಿನಕ್ಕೆ ಮುಗಿಯುತ್ತದೆ ಅಂತ ಯಂತ್ರದ ಅಡಿಗೇ ಅಚ್ಚು ಹಾಕಲಿ. ಲ್ಯಾಪ್‌ಟಾಪ್ ತಿರುಗಿಸಿ ನೋಡಿ ಚೌಕಾಸಿ ಮಾಡುತ್ತೇವೆ. ನನಗೆ ಅಷ್ಟಾದರೆ ಸಾಕು.


ಬೇಲೂರು ಡಿಟಿಪಿ

ಇದು ಮಾತು! ತೋಟಕ್ಕೆ ಹೊಡೆಯುವ ಔಷಧಿ ಡಬ್ಬದ ಮೇಲೂ ಎಕ್ಸ್‌ಪೈರಿ ದಿನಾಂಕ ಇರುತ್ತದೆ. ದಿನ ಹತ್ತಿರ ಬಂದ ಡಬ್ಬಕ್ಕೆ ಯಾರೂ ಪೂರಾ ಬೆಲೆ ಕೊಡುವುದಿಲ್ಲ. 2018ರಲ್ಲಿ ಅಂಥ ಒಂದು ಸಾಲು ಇದ್ದಿದ್ದರೆ ನಾನು ಇನ್ನೆರಡು ಸಾವಿರ ಸೇರಿಸಿ ಎಂಟನೆಯದನ್ನೇ ತರುತ್ತಿದ್ದೆ.

ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಫೋನ್, ಟಿವಿ, ರೂಟರ್‌ಗಳಿಗೆ ಹೀಗೇ ಮಾಡಿದ್ದಾರೆ. ಇಷ್ಟೇ ವರ್ಷ ಕೊಡಿ ಎಂದಿಲ್ಲ, ಎಲ್ಲಿಯವರೆಗೆ ಕೊಡುತ್ತೀರಿ ಎಂಬುದನ್ನು ಬಹಿರಂಗವಾಗಿ ಹೇಳಿ ಎಂದಿದ್ದಾರೆ. ಗೂಗಲ್‌ನ ಕ್ರೋಮ್‌ಓಎಸ್ ಓಡುವ ಕ್ರೋಮ್‌ಬುಕ್ ಲ್ಯಾಪ್‌ಟಾಪ್‌ಗಳಲ್ಲಿ ಆ ದಿನಾಂಕ ಸೆಟ್ಟಿಂಗ್ಸ್‌ನಲ್ಲೇ ಕಾಣುತ್ತದೆ. ಗೂಗಲ್ 2023ರ ಸೆಪ್ಟೆಂಬರ್‌ನಲ್ಲಿ ಅದನ್ನು ಹತ್ತು ವರ್ಷಕ್ಕೆ ಏರಿಸಿತು. ಅಲ್ಲೂ ಎಣಿಕೆ ಯಂತ್ರ ಕೊಂಡ ದಿನದಿಂದ ಅಲ್ಲ, ಆ ಮಾದರಿಯ ಹಾರ್ಡ್‌ವೇರ್ ಬಿಡುಗಡೆಯಾದ ದಿನದಿಂದ. ಆದರೂ ದಿನ ಕಣ್ಣಿಗೆ ಕಾಣುತ್ತದಲ್ಲ, ಕೊಳ್ಳುವವರು ಯೋಚಿಸಬಹುದು.


ಕೊಪ್ಪದ ಮೇಷ್ಟ್ರು

ಎಲ್ಲರೂ ವಿಂಡೋಸ್ ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದೀರಲ್ಲ ಮಾರಾಯ್ರೆ! ನಮ್ಮ ಶಾಲೆಗೆ ದಾನವಾಗಿ ಬಂದ ನಾಲ್ಕನೇ ಜನರೇಶನ್ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೇವೆ, ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ. ಇದು ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ನಿಂತದ್ದು. 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ, ಪುಕ್ಕಟೆ. ಮಕ್ಕಳಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬ್ರೌಸರ್ ಅದೇ, ಆಫೀಸ್ ಕೆಲಸಕ್ಕೆ ಲಿಬ್ರೆಆಫೀಸ್.

ಡಿಟಿಪಿಯವರಿಗೆ ತೊಡಕಾಗುವುದು ಕನ್ನಡ ಟೈಪಿಂಗ್‌ನ ನುಡಿ ಸಾಫ್ಟ್‌ವೇರ್. ಹೊಸದಾಗಿ ಟೈಪ್ ಮಾಡಲು ಕಷ್ಟವಿಲ್ಲ. ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆ ಐಬಸ್‌ನಲ್ಲಿ ನುಡಿಯದೇ ಕೆಜಿಪಿ ಕೀಬೋರ್ಡ್ ಸಿಗುತ್ತದೆ, ಬೆರಳಿಗೆ ಅದೇ ಅಭ್ಯಾಸ, ಬರುವುದು ಯೂನಿಕೋಡ್. ಹಳೆಯ ಫೈಲ್‌ಗಳದ್ದೇ ಗೋಳು. ನುಡಿಯ ಹಳೆಯ ಫಾಂಟ್‌ನಲ್ಲಿ ಮಾಡಿದ ಕರೆಯೋಲೆ, ಕ್ರಯಪತ್ರ ತೆರೆದರೆ ಬರೀ ಗೊಜಲು ಅಕ್ಷರ. ಆ ಫಾಂಟ್‌ಗಳನ್ನೇ ಹಾಕಿಕೊಂಡರೆ ಓದಲು ಬರುತ್ತದೆ. ತಿದ್ದಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸುವುದು ಒಳ್ಳೆಯದು, ಒತ್ತಕ್ಷರ ಮಾತ್ರ ಒಂದು ಸಲ ಕಣ್ಣಾಡಿಸಿ. ಅರ್ಕಾವತ್ತು ಕೆಲವು ಕಡೆ ಕೈಕೊಡುತ್ತದೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಎಷ್ಟು ವರ್ಷವಾದರೂ ಕೊಡಲಿ, ನಿಲ್ಲಿಸುವ ದಿನ ಡ್ರೈವರ್‌ಗಳ ಮೂಲ ಕೋಡ್ ಹೊರಗೆ ಬಿಡಲಿ. ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕದಂತೆ ಬೂಟ್‌ಲೋಡರ್ ಲಾಕ್ ಮಾಡಿದ್ದರೆ ಬಿಡಿಸಲಿ. ಪಿಸಿಯಲ್ಲಿ ಹೇಗೋ ಲಿನಕ್ಸ್ ಹಾಕಬಹುದು. ಟ್ಯಾಬ್ಲೆಟ್‌ಗಳಲ್ಲಿ ಅದೂ ಇಲ್ಲ. ಗಟ್ಟಿಯಾಗಿಯೇ ಇರುವ ಟ್ಯಾಬ್ಲೆಟ್‌ಗಳು ನಮ್ಮ ಶಾಲೆಯ ಬೀರುವಿನಲ್ಲಿ ಬಿದ್ದಿವೆ. ಯಾವ ಆ್ಯಪೂ ಅದರಲ್ಲಿ ಕೂರುವುದಿಲ್ಲ.


ಹೇಮಾವತಿ ದಂಡೆ

ಮೇಷ್ಟ್ರೇ, ಮೂಲ ಕೋಡ್ ಬಿಡುವುದು ಕೇಳಲು ಚೆನ್ನ. ಅದರೊಳಗೆ ಚಿಪ್ ಕಂಪನಿಯ ಗುಟ್ಟು ಸೇರಿರುತ್ತದೆ. ಪೆಟ್ಟಿಗೆ ಮಾಡಿದವನಿಗೆ ಅದನ್ನು ಹೊರಗೆ ಬಿಡುವ ಹಕ್ಕೇ ಇರುವುದಿಲ್ಲ. ಬೂಟ್‌ಲೋಡರ್ ಬಿಡಿಸುವುದು ಮಾತ್ರ ಖಂಡಿತ ಆಗುವ ಕೆಲಸ, ಅದಕ್ಕೆ ನನ್ನ ಓಟು.

ಕೊನೆಯ ಮಾರಾಟದಿಂದ ಎಣಿಸುವ ವಾದಕ್ಕೂ ಅರ್ಧ ಸೋತಿದ್ದೇನೆ. ಉಳಿದ ಅರ್ಧ ಏನೆಂದರೆ, ಹಾಗೆ ಮಾಡಿದರೆ ಕಂಪನಿಗಳು ಹಳೆಯ ಸ್ಟಾಕನ್ನು ಬೇಗ ಪೇಟೆಯಿಂದ ತೆಗೆಯುತ್ತವೆ. ಕಡಿಮೆ ಬೆಲೆಯ ಮಾಲು ಸಿಗುವುದು ಕಷ್ಟವಾಗಬಹುದು. ಯುರೋಪ್‌ನ ಸೈಬರ್ ರೆಸಿಲಿಯನ್ಸ್ ಕಾಯ್ದೆ 2027ರ ಡಿಸೆಂಬರ್ 11ರಿಂದ ಪೂರ್ತಿ ಜಾರಿಗೆ ಬರುತ್ತದೆ. ಅದರಲ್ಲಿ ಕಂಪ್ಯೂಟರ್‌ಗಳೂ ಸೇರುತ್ತವೆ, ಸಾಮಾನ್ಯವಾಗಿ ಕನಿಷ್ಠ 5 ವರ್ಷ ದೋಷ ಸರಿಪಡಿಸಿ ಕೊಡಬೇಕು. ಅಲ್ಲಿಗೆ ಅಂತ ಮಾಡಿದ ಪ್ಯಾಚ್ ಇಲ್ಲಿಗೂ ಬರುತ್ತದೆ. ಇಂಡಿಯಾಕ್ಕೆ ಬೇರೆ ಬಯಾಸ್ ಮಾಡುತ್ತಾ ಕೂರುವಷ್ಟು ಪುರುಸೊತ್ತು ಯಾರಿಗೂ ಇಲ್ಲ.


ಬೇಲೂರು ಡಿಟಿಪಿ

ವ್ಯಾಪಾರದ ದರದಲ್ಲಿ ಲೆಕ್ಕ ಹಾಕಿದೆ. 61, 122, 244. ಮೂರು ವರ್ಷಕ್ಕೆ 427 ಡಾಲರ್. ಆ ದುಡ್ಡಿಗೆ ಹೊಸ ಯಂತ್ರವೇ ಬರುತ್ತದೆ. ಹಾಗಾಗಿ ಆಧಾರ್, ಬ್ಯಾಂಕ್, ಸರ್ಕಾರಿ ಪೋರ್ಟಲ್ ಕೆಲಸಕ್ಕೆ ಒಂದು ಹೊಸದು ತರುತ್ತೇನೆ. ನನ್ನ ಬೆರಳಚ್ಚು ಸಾಧನದ ಸಾಫ್ಟ್‌ವೇರ್ ವಿಂಡೋಸ್‌ಗೂ ಆಂಡ್ರಾಯ್ಡ್‌ಗೂ ಮಾತ್ರ ಇರುವುದು, ಅದಕ್ಕೆ ಬೇರೆ ದಾರಿಯಿಲ್ಲ. ಅದರದ್ದೂ ಇದೇ ಹಾಡು ಅನ್ನಿ. ಎಲ್0 ಎಂಬ ಹಳೆಯ ದರ್ಜೆಯ ಸಾಧನ ಸರಿಯಾಗಿಯೇ ಇತ್ತು, ಹೆಚ್ಚು ಭದ್ರತೆಯ ಎಲ್1 ಬೇಕು ಎಂದಾಗ ಮೂಲೆಗೆ ಹೋಯಿತು. ಅಲ್ಲಿ ಕಾರಣ ಸುರಕ್ಷತೆಯೇ, ಅದಕ್ಕೆ ನನ್ನ ತಕರಾರಿಲ್ಲ.

ಐ5ಕ್ಕೆ ಮೇಷ್ಟ್ರು ಹೇಳಿದ ಮಿಂಟ್ ಹಾಕಿ ಟೈಪಿಂಗ್, ಪ್ರಿಂಟ್‌ಗೆ ಇಡುತ್ತೇನೆ. ಹೊಸದನ್ನು ಕೊಳ್ಳುವಾಗ ಚಿಪ್‌ನ ಪೂರ್ತಿ ನಂಬರ್ ಬಿಲ್ ಮೇಲೆ ಬರೆಸುತ್ತೇನೆ. "ಐ5" ಅಂತಷ್ಟೇ ಬರೆದು ಕೊಡುವವರ ಹತ್ತಿರ ಕೊಳ್ಳುವುದಿಲ್ಲ.

ಸಕಲೇಶಪುರದವರಿಗೆ ಒಂದು ಪ್ರಶ್ನೆ: ನನ್ನ ಹಳೆಯ ಫ್ಲಾಟ್‌ಬೆಡ್ ಸ್ಕ್ಯಾನರ್‌ಗೆ ಅದರ ಕಂಪನಿ ವಿಂಡೋಸ್ 11ಕ್ಕೆ ಡ್ರೈವರ್ ಬಿಟ್ಟಿಲ್ಲ. ಅದನ್ನೂ ಬದಲಿಸಬೇಕಾ?


ಸಕಲೇಶಪುರ ಸರ್ವಿಸ್

ಬೇಡಕ್ಕಾ. ಮಿಂಟ್‌ನಲ್ಲಿ ಸೇನ್ ಅಂತ ಸ್ಕ್ಯಾನರ್ ಸಾಫ್ಟ್‌ವೇರ್ ಇದೆ, ಹಳೆಯ ಸ್ಕ್ಯಾನರ್‌ಗಳಲ್ಲಿ ಹಲವನ್ನು ಹಿಡಿಯುತ್ತದೆ. ಸ್ಕ್ಯಾನರನ್ನು ಐ5ಕ್ಕೇ ಸಿಕ್ಕಿಸಿ, ಫೈಲನ್ನು ಲ್ಯಾನ್ ಮೇಲೆ ಹೊಸದಕ್ಕೆ ಕಳಿಸಿ. ವಿಂಡೋಸ್‌ನಲ್ಲೇ ಬೇಕೆಂದರೆ ವ್ಯೂಸ್ಕ್ಯಾನ್ ಅಂತ ಸಾಫ್ಟ್‌ವೇರ್ ಸಿಗುತ್ತದೆ, ಅದಕ್ಕೆ ದುಡ್ಡು ಕೊಡಬೇಕು. ಮೊದಲು ಸ್ಕ್ಯಾನರ್ ಅಡಿಯಲ್ಲಿರುವ ಮಾದರಿ ನಂಬರ್ ಇಲ್ಲಿ ಹಾಕಿ, ಸೇನ್ ಪಟ್ಟಿಯಲ್ಲಿ ಇದೆಯೋ ಇಲ್ಲವೋ ನೋಡಿ ಹೇಳುತ್ತೇನೆ. ಮಿಂಟ್ ಹಾಕುವ ಮೊದಲು ಕರೆಯೋಲೆ ಫೈಲೆಲ್ಲ ಹೊರಗಿನ ಡಿಸ್ಕ್‌ಗೆ ತೆಗೆದಿಡಿ.